ಅರ್ಜಿಯಲ್ಲಿದ್ದ ಆ ಒಂದು ಸಾಲು

ಸೋಮವಾರಪೇಟೆ ಕಡೆ ಮಳೆ ಹಿಡಿದರೆ ಕರೆಂಟ್ ಹೋಯಿತು ಅಂತಲೇ ಲೆಕ್ಕ. ಮಗಳು ಎಮರ್ಜೆನ್ಸಿ ಲೈಟ್ ಇಟ್ಟುಕೊಂಡು ಮೈಸೂರಿನ ಒಂದು ಕಾಲೇಜಿನ ಅರ್ಜಿ ತುಂಬುತ್ತಿದ್ದಳು. ಹೆಸರು, ಪಿಯುಸಿ ಅಂಕ, ಆದಾಯ ಎಲ್ಲ ಸರಸರ ಬರೆದವಳು ಒಂದು ಕಡೆ ಪೆನ್ನು ನಿಲ್ಲಿಸಿದಳು. "ಅಮ್ಮ, ಬೇರೆ ಎಲ್ಲೆಲ್ಲಿ ಅರ್ಜಿ ಹಾಕಿದ್ದೀರಿ ಅಂತ ಕೇಳಿದ್ದಾರೆ. ಏನು ಬರೀಲಿ?"

ಅವಳಿಗೆ ಆಸೆ ಇದ್ದಿದ್ದು ಪೊನ್ನಂಪೇಟೆ ಅರಣ್ಯ ಕಾಲೇಜಿನ ಮೇಲೆ. ತೋಟದ ಬಳಂಜಿ, ನಂದಿ, ಅತ್ತಿ ಮರಗಳನ್ನು ತೊಗಟೆ ಮುಟ್ಟಿಯೇ ಗುರುತಿಸುವ ಹುಡುಗಿ ಅವಳು. ಆದರೆ ಅಲ್ಲಿಗೆ ಸಿಇಟಿ ರ‍್ಯಾಂಕ್ ಬೇಕು. ಸಿಗದಿದ್ದರೆ ಇರಲಿ ಅಂತ ಮೈಸೂರಿನ ಬಿ.ಎಸ್ಸಿ.

"ಇದ್ದದ್ದು ಇದ್ದ ಹಾಗೆ ಬರಿ" ಅಂದರು ಅವಳ ಅಪ್ಪ. ಖಾಲಿ ಬಿಡಲಿ ಅಂತ ನನಗನಿಸಿತ್ತು. ಹೇಳಲಿಲ್ಲ. ಅವಳು ಬರೆದಳು.

ಸಂದರ್ಶನದಲ್ಲಿ ಎದುರಿಗೆ ಕೂತವರ ಬೆರಳು ನೇರ ಆ ಸಾಲಿಗೇ ಹೋಯಿತು. "ಅಲ್ಲಿ ಸಿಕ್ಕಿದ್ರೆ ಹೋಗ್ತೀಯಲ್ಲಮ್ಮ?"

"ಹೌದು ಸರ್."

"ಹಾಗಾದ್ರೆ ಇವತ್ತೇ ಪೂರ್ತಿ ಫೀಸ್ ಕಟ್ಟಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಲ್ಲೇ ಇರಲಿ."

ಮಗಳು ಮಾರ್ಕ್ಸ್ ಕಾರ್ಡಿನ ಪ್ಲಾಸ್ಟಿಕ್ ಕವರನ್ನು ಎದೆಗೆ ಒತ್ತಿ ಹಿಡಿದುಕೊಂಡಳು. ನನಗೆ ಸಿಟ್ಟಿಗಿಂತ ಸಂಕಟ ಜಾಸ್ತಿ ಆಯಿತು. ನಿಜ ಹೇಳಿದ್ದಕ್ಕೆ ಈ ಶಿಕ್ಷೆನಾ? ಕಾಲೇಜುಗಳು ಒರಿಜಿನಲ್ ನೋಡಿ ವಾಪಸ್ ಕೊಡಬೇಕು, ಇಟ್ಟುಕೊಳ್ಳಬಾರದು ಅಂತ ಉನ್ನತ ಶಿಕ್ಷಣದ ನಿಯಮ ಮಾಡೋ ಯುಜಿಸಿ 2018ರಲ್ಲೇ ಹೇಳಿದೆ. ಅದನ್ನೇ ಮೆಲ್ಲಗೆ ಹೇಳಿದೆ. ಅವರು ಉತ್ತರ ಕೊಡದೆ ಮುಂದಿನವರನ್ನು ಕರೆದರು. ನಾವು ಎದ್ದು ಬಂದೆವು.

ಕುಶಾಲನಗರದವರೆಗೂ ಅವಳು ಮಾತಾಡಲಿಲ್ಲ. ಆಮೇಲೆ, "ನಾನು ಸುಳ್ಳು ಹೇಳಬೇಕಿತ್ತಾ ಅಮ್ಮ?" ಅಂದಳು.

ಸುಳ್ಳು ಬೇಡ. ಆದರೆ ಕೇಳಿದವರಿಗೆಲ್ಲ ಪಟ್ಟಿ ಕೊಡಬೇಕು ಅಂತಲೂ ಇಲ್ಲ, ಅಲ್ವಾ? ಸೇರಿದವರು ನಡುವೆ ಬಿಟ್ಟು ಹೋದರೆ ಸೀಟು ಖಾಲಿ ಉಳಿಯುತ್ತೆ ಅನ್ನೋ ಕಾಲೇಜಿನ ಚಿಂತೆ ನನಗೂ ಅರ್ಥವಾಗುತ್ತೆ. ಆ ಚಿಂತೆಯನ್ನು ಹದಿನೆಂಟರ ಹುಡುಗಿಯ ತಲೆಗೆ ಕಟ್ಟೋದು ತಪ್ಪು. ನಾದಿನಿ ಮಗ ಬ್ರಿಟನ್ನಿಗೆ ಅರ್ಜಿ ಹಾಕಿದಾಗ ಹೇಳಿದ್ದ: ಅಲ್ಲಿ ಯುಕಾಸ್ ಅನ್ನೋ ಒಂದೇ ವ್ಯವಸ್ಥೆಯಲ್ಲಿ 5 ಕೋರ್ಸ್‌ವರೆಗೆ ಆರಿಸಬಹುದು, ಬಂದ ಆಫರ್‌ಗಳಿಗೆಲ್ಲ ನಾವು ಉತ್ತರ ಕೊಡೋವರೆಗೆ ಒಂದು ವಿಶ್ವವಿದ್ಯಾಲಯಕ್ಕೆ ಇನ್ನೊಂದರ ವಿಷಯ ಕಾಣಲ್ಲ. ಎಷ್ಟು ಸರಿ ಅನಿಸಿತ್ತು.

ಇನ್ನೊಂದು ಕಾಲೇಜಿನ ಅರ್ಜಿಯಲ್ಲಿ ಆ ಸಾಲು ಖಾಲಿ ಬಿಟ್ಟಳು. ಅಲ್ಲಿ ಬಾಯಲ್ಲಿ ಕೇಳಿದರು. "ಬೇರೆ ಕಡೆಯೂ ಹಾಕಿದ್ದೇನೆ ಸರ್. ಇಲ್ಲಿ ಬಾಟನಿ ಓದೋಕೆ ಇಷ್ಟ" ಅಂದಳು. ಅದೂ ನಿಜವೇ. ಅವರು ತಲೆಯಾಡಿಸಿ, ಯಾವ ಗಿಡ ಇಷ್ಟ ಅಂತ ಕೇಳಿದರು. ಹತ್ತು ನಿಮಿಷ ಬಳಂಜಿ ಮರದ ಮಾತೇ ಆಯಿತು.

ಬೇಕಾದ ಕಾಲೇಜು, ಕೋರ್ಸುಗಳನ್ನು ಕ್ರಮವಾಗಿ ಆನ್‌ಲೈನ್‌ನಲ್ಲಿ ತುಂಬೋ ಸಿಇಟಿ ಆಪ್ಷನ್ ಎಂಟ್ರಿ ದಿನವೂ ಮಳೆ. ಅಲ್ಲಿ ಮಾತ್ರ ಮುಚ್ಚಿಡೋದು ಬೇಡ, ಬೇಕಾದದ್ದನ್ನೇ ಮೊದಲು ಹಾಕು ಅಂದೆ. ಸೀಟು ಕೊಡೋದು ರ‍್ಯಾಂಕ್ ಮತ್ತು ಮೀಸಲಾತಿಯ ಜೊತೆಗೆ ನಾವು ಕೊಟ್ಟ ಕ್ರಮ ನೋಡಿಯೇ. ನೆಟ್‌ವರ್ಕ್ ಸಿಗದೆ ಕೊಡೆ ಹಿಡಿದು ಗೇಟಿನ ಹತ್ತಿರ ನಿಂತೆವು. ಒಂದನೇ ಆಪ್ಷನ್, ಪೊನ್ನಂಪೇಟೆ. ಒದ್ದೆ ಬೆರಳನ್ನು ನನ್ನ ಸೆರಗಿಗೆ ಒರೆಸಿಕೊಂಡು ಸೇವ್ ಒತ್ತಿದಳು.