ಎರಡು ಗಂಟೆಯ ಬ್ಯಾಕಪ್

ಬೆಳಗ್ಗೆ 5.10ಕ್ಕೆ ಫೋನ್ ಬಂತು. ಕೋಲಾರ ಎಪಿಎಂಸಿಯ ಟೊಮೆಟೊ ಮಂಡಿಯ ಗುಮಾಸ್ತರು. "ಏನಪ್ಪಾ, ಬಿಲ್ಲೇ ಓಪನ್ ಆಗ್ತಿಲ್ಲ. ಗಾಡಿಗಳೆಲ್ಲಾ ಬಂದು ನಿಂತಿವೆ" ಅಂದರು.

"ಹತ್ತು ನಿಮಿಷ ಕೊಡಿ ಅಣ್ಣ" ಅಂದೆ. ಮೊದಲ ಬಿಲ್ ಪ್ರಿಂಟ್ ಆಗುವ ಹೊತ್ತಿಗೆ ಒಂಬತ್ತೂ ಕಾಲು ಆಗಿತ್ತು. ಆ ನಾಲ್ಕು ಗಂಟೆಯಲ್ಲಿ ಏನೇನಾಯಿತು ಅನ್ನೋದನ್ನ ಪೂರ್ತಿ ಬರೆದಿಡಬೇಕು ಅಂತ ಅವತ್ತೇ ಅಂದುಕೊಂಡಿದ್ದೆ. ಕ್ಲೌಡ್‌ನಲ್ಲಿ ಸರ್ವರ್ ಇಟ್ಟುಕೊಂಡು, ದಿನಾ ಬ್ಯಾಕಪ್ ಆಗ್ತಿದೆ ಅಂತ ನೆಮ್ಮದಿಯಾಗಿರೋ ನಮ್ಮಂಥವರು ಎಷ್ಟೋ ಜನ ಇದ್ದಾರೆ, ಅಲ್ವಾ?

ನಮ್ಮದು ಸಣ್ಣ ವ್ಯವಸ್ಥೆ. ಹನ್ನೊಂದು ಮಂಡಿಗಳ ಲೆಕ್ಕ, ಎಲ್ಲಾ ಸೇರಿ ಒಂದೇ ವರ್ಚುವಲ್ ಮೆಷಿನ್‌ನಲ್ಲಿ, ಅಂದ್ರೆ ಕ್ಲೌಡ್‌ನಲ್ಲಿ ಬಾಡಿಗೆಗೆ ಪಡೆದ ಕಂಪ್ಯೂಟರಿನಲ್ಲಿ. ಅದಕ್ಕೆ 200 ಜಿಬಿಯ ಒಂದೇ ಡಿಸ್ಕ್. ಲಿನಕ್ಸ್, ಡೇಟಾಬೇಸು, ಬಿಲ್ಲು ಎಲ್ಲಾ ಅದರಲ್ಲೇ. ಮೆಷಿನ್ ಇರೋದು ಮುಂಬೈ ಡೇಟಾ ಸೆಂಟರ್‌ನಲ್ಲಿ. ರಾತ್ರಿ ಎರಡು ಗಂಟೆಗೆ ಸ್ನ್ಯಾಪ್‌ಶಾಟ್, ಅಂದ್ರೆ ಇಡೀ ಡಿಸ್ಕಿನ ಆ ಕ್ಷಣದ ನಕಲು ಆಗುತ್ತೆ, ಆಗ ಏಳು ದಿನದ್ದು ಉಳಿದುಕೊಳ್ಳುತ್ತಿತ್ತು. ಬೆಳಗ್ಗೆ ಹಸಿರು ಗುರುತಿನ ಮೇಲ್ ಬರುತ್ತೆ. ಒಂದೂವರೆ ವರ್ಷ ಆ ಹಸಿರು ಗುರುತನ್ನು ನೋಡಿದ್ದೆ. ಒಂದು ಸಲವೂ ರಿಸ್ಟೋರ್ ಮಾಡಿ, ಅಂದ್ರೆ ಬ್ಯಾಕಪ್‌ನಿಂದ ಮೆಷಿನ್ ಎಬ್ಬಿಸಿ ನೋಡಿರಲಿಲ್ಲ.

ಫೋನ್ ಬಂದ ಹಿಂದಿನ ರಾತ್ರಿ ಹನ್ನೊಂದೂವರೆಗೆ ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟ್ ತಾನಾಗೇ ನಡೆದಿತ್ತು. ಸಿಸ್ಟಮ್ಮಿನ ತಿರುಳಾದ ಕರ್ನಲ್‌ನ ಹಳೆಯ ಆವೃತ್ತಿಗಳು ಸೇರಿಕೊಂಡು, ಮೆಷಿನ್ ಏಳೋಕೆ ಬೇಕಾದ ಫೈಲುಗಳಿರೋ ಬೂಟ್ ಪಾರ್ಟಿಷನ್ ತುಂಬಿಹೋಗಿತ್ತು, ಹೊಸ ಕರ್ನಲ್ಲಿನ ಫೈಲುಗಳು ಅರ್ಧಂಬರ್ಧ ಕೂತಿದ್ದವು. ಆದರೂ ಮೆಷಿನ್ ಓಡುತ್ತಲೇ ಇತ್ತು, ಯಾಕಂದ್ರೆ ಓಡುತ್ತಿದ್ದದ್ದು ಹಳೇ ಕರ್ನಲ್. ಎರಡು ಗಂಟೆಗೆ ಬ್ಯಾಕಪ್ ಆಯಿತು. ಮೂರೂವರೆಗೆ ನಿಗದಿಯಂತೆ ರೀಸ್ಟಾರ್ಟ್ ಆದ ಮೆಷಿನ್ ಮತ್ತೆ ಏಳಲೇ ಇಲ್ಲ.

ಆ ಕ್ಷಣಕ್ಕೆ ಇದ್ಯಾವುದೂ ನನಗೆ ಗೊತ್ತಿಲ್ಲ. ರಾತ್ರಿಯ ಬ್ಯಾಕಪ್‌ನಿಂದ ಹೊಸ ಮೆಷಿನ್ ಮಾಡಿದೆ. ಅದೂ ಏಳಲಿಲ್ಲ. ಕನ್ಸೋಲ್ ತೆಗೆದು ನೋಡಿದರೆ ಮೂಲ ಮೆಷಿನ್ನಿನದ್ದೇ ಕರ್ನಲ್ ಪ್ಯಾನಿಕ್ (ಕರ್ನಲ್ ಮುಂದೆ ಹೋಗಲಾಗದೆ ನಿಂತುಬಿಡೋದು), ಅದೇ ಸಾಲಿನಲ್ಲಿ ನಿಂತಿದೆ. ಸ್ನ್ಯಾಪ್‌ಶಾಟ್ ಡಿಸ್ಕಿನ ಬ್ಲಾಕುಗಳನ್ನು ಇದ್ದದ್ದು ಇದ್ದ ಹಾಗೆ ನಕಲು ಮಾಡುತ್ತೆ, ಅಷ್ಟೇ. ಆ ಡಿಸ್ಕಿನಿಂದ ಮೆಷಿನ್ ಏಳುತ್ತೋ ಇಲ್ಲವೋ ಅನ್ನೋದು ಅದಕ್ಕೆ ಸಂಬಂಧವೇ ಇಲ್ಲ. ಎರಡು ಗಂಟೆಗೇ ಡಿಸ್ಕ್ ಕೆಟ್ಟಿತ್ತು, ಕೆಟ್ಟದ್ದೇ ಭದ್ರವಾಗಿ ಬ್ಯಾಕಪ್ ಆಗಿತ್ತು. ಮೇಲ್ ಮಾತ್ರ ಹಸಿರು.

ಸರಿ, ಒಂದು ದಿನ ಹಿಂದಿನದ್ದು ತೆಗೆದುಕೊಂಡೆ. ಅದು ಎದ್ದಿತು. ಆದರೆ ಅದರಲ್ಲಿ ನೆನ್ನೆಯ ಒಂದು ಬಿಲ್ಲೂ ಇಲ್ಲ. ಜುಲೈ ತಿಂಗಳ ಮಂಡಿಯಲ್ಲಿ ಒಂದು ದಿನದ ಲೆಕ್ಕ ಅಂದ್ರೆ ಸುಮ್ನೆ ಅಲ್ಲ. ಶ್ರೀನಿವಾಸಪುರ, ಮುಳಬಾಗಿಲು ಕಡೆಯಿಂದ ರಾತ್ರಿಯೇ ಹೊರಟು ಬಂದು, ಗಾಡಿ ಪಕ್ಕದಲ್ಲೇ ಟವೆಲ್ ಹಾಸಿ ಮಲಗಿ, ಬೆಳಗ್ಗೆ ಹರಾಜಿಗೆ ನಿಲ್ಲೋ ರೈತರು ಅವರು. 15 ಕೆಜಿಯ ಬಾಕ್ಸ್ ಎಷ್ಟಕ್ಕೆ ಹೋಯಿತು, ಕಮಿಷನ್ ಎಷ್ಟು, ಬಾಡಿಗೆ ಎಷ್ಟು, ಕೈಗೆ ಎಷ್ಟು ಅಂತ ಬರೆದಿರೋ ಪಟ್ಟಿ ಅವರ ಮೂರು ತಿಂಗಳ ಬೆವರು. 2023ರ ಜುಲೈನಲ್ಲಿ ಇದೇ ಮಾರ್ಕೆಟ್‌ನಲ್ಲಿ ಒಂದು ಬಾಕ್ಸ್ 2,000 ರೂಪಾಯಿ ದಾಟಿತ್ತು. ಅಂಥ ದಿನದ್ದೊಂದು ಪಟ್ಟಿ ಕಳೆದರೆ ಯಾರು ಏನಂತ ಉತ್ತರ ಕೊಡೋದು?

ಇಲ್ಲಿ ಒಂದು ಮಾತು. ಏನೇ ಗಾಬರಿಯಾದರೂ ಕೆಟ್ಟುನಿಂತ ಮೂಲ ಮೆಷಿನ್ನನ್ನು ಅಳಿಸಬೇಡಿ. ನಾನು ಅಳಿಸಿರಲಿಲ್ಲ, ಅದೇ ನಮ್ಮನ್ನು ಉಳಿಸಿತು. ಬೂಟ್ ಆಗದಿದ್ದರೇನು, ಒಳಗಿನ ಡೇಟಾ ಸಾಮಾನ್ಯವಾಗಿ ಹಾಗೇ ಇರುತ್ತೆ. ಮೂಲ ಡಿಸ್ಕಿನದ್ದೇ ಇನ್ನೊಂದು ಸ್ನ್ಯಾಪ್‌ಶಾಟ್ ತೆಗೆದು, ಅದರಿಂದ ಹೊಸ ಡಿಸ್ಕ್ ಮಾಡಿ, ಎದ್ದಿದ್ದ ಮೆಷಿನ್‌ಗೆ ಎರಡನೇ ಡಿಸ್ಕಾಗಿ ಸೇರಿಸಿದೆ. ಮೆಷಿನ್ ಎದ್ದ ಮೇಲೇ ಸೇರಿಸಬೇಕು. ಎರಡೂ ಒಂದೇ ಡಿಸ್ಕಿನ ನಕಲು, ಎರಡಕ್ಕೂ ಒಂದೇ ಯುಯುಐಡಿ (ಡಿಸ್ಕಿನ ಗುರುತಿನ ಸಂಖ್ಯೆ), ಮೊದಲೇ ಸೇರಿಸಿಟ್ಟರೆ ಯಾವುದರಿಂದ ಬೂಟ್ ಆಗುತ್ತೆ ಅಂತ ಹೇಳೋಕಾಗಲ್ಲ. ಡಿಸ್ಕಿನ ಫೈಲ್ ಸಿಸ್ಟಮ್ ಎಕ್ಸ್‌ಎಫ್‌ಎಸ್ ಆದರೆ ಒಂದೇ ಯುಯುಐಡಿಯ ಎರಡನೇ ಡಿಸ್ಕನ್ನು ಮೌಂಟ್ ಮಾಡೋಕೇ (ತೆರೆಯೋಕೇ) ಒಪ್ಪಲ್ಲ, 'ನೋಯುಯುಐಡಿ' ಅಂತ ಆಯ್ಕೆ ಕೊಡಬೇಕು. ಇದಕ್ಕೇ ನನಗೆ ಇಪ್ಪತ್ತು ನಿಮಿಷ ಹೋಯಿತು.

ಆಮೇಲೆ ಡೇಟಾಬೇಸ್ ನಿಲ್ಲಿಸಿ, ನೆನ್ನೆಯವರೆಗಿನ ಡೇಟಾ ಫೋಲ್ಡರನ್ನು ನಕಲು ಮಾಡಿದೆ. ಅಪ್‌ಡೇಟ್‌ನಲ್ಲಿ ಡೇಟಾಬೇಸಿನ ಆವೃತ್ತಿ ಬದಲಾಗಿಲ್ಲ ಅನ್ನೋದನ್ನ ಮೊದಲು ಖಾತ್ರಿ ಮಾಡಿಕೊಂಡೆ. ನಮ್ಮದು ಪೋಸ್ಟ್‌ಗ್ರೆಸ್ ಡೇಟಾಬೇಸ್. ಓಡುತ್ತಿರುವಾಗಲೇ ತೆಗೆದ ಸ್ನ್ಯಾಪ್‌ಶಾಟ್ ಅದರ ಪಾಲಿಗೆ ಕರೆಂಟ್ ಹೋದಂತೆ. ಪ್ರತಿ ಬದಲಾವಣೆಯನ್ನೂ ಬರೆದಿಡೋ ಲಾಗ್ ಫೈಲೂ ಅದೇ ಡಿಸ್ಕಿನಲ್ಲಿದ್ದರೆ, ಶುರುವಾಗುವಾಗ ಅದನ್ನು ಓದಿ ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತೆ. ಡೇಟಾ ಒಂದು ಡಿಸ್ಕಿನಲ್ಲಿ, ಲಾಗ್ ಇನ್ನೊಂದರಲ್ಲಿ ಇದ್ದು ಎರಡಕ್ಕೂ ಬೇರೆ ಬೇರೆ ಹೊತ್ತಿನಲ್ಲಿ ಸ್ನ್ಯಾಪ್‌ಶಾಟ್ ಆಗಿದ್ದರೆ ಕಷ್ಟ.

ನಕಲು ಆಮೆ ಥರ ಹೋಗುತ್ತಿತ್ತು. ಕಾರಣ ಇದೆ. ಸ್ನ್ಯಾಪ್‌ಶಾಟ್‌ನಿಂದ ಮಾಡಿದ ಡಿಸ್ಕ್ ಕ್ಷಣದಲ್ಲಿ ರೆಡಿ ಅಂತ ತೋರಿಸುತ್ತೆ, ಆದರೆ ಸಾಮಾನ್ಯವಾಗಿ ಆಗ ಅದರಲ್ಲಿ ಡೇಟಾ ಇರಲ್ಲ. ಯಾವ ಬ್ಲಾಕನ್ನು ಕೇಳುತ್ತೀರೋ ಅದನ್ನು ಆಗ ದೂರದ ಸಂಗ್ರಹದಿಂದ ಎಳೆದು ತರುತ್ತೆ. ಅದಕ್ಕೇ ಮೊದಲ ಓದು ಅಷ್ಟು ನಿಧಾನ. ಮೆಷಿನ್ ಎದ್ದ ಹೊತ್ತಿಗೂ ಕೆಲಸಕ್ಕೆ ಬರುವ ಹೊತ್ತಿಗೂ ನಡುವೆ ಇಷ್ಟು ದೂರ ಇರುತ್ತೆ ಅಂತ ನಾನು ಲೆಕ್ಕ ಹಾಕಿರಲಿಲ್ಲ. ಈಗ ಹೊಸ ಡಿಸ್ಕನ್ನು ಮೊದಲಿಂದ ಕೊನೆವರೆಗೆ ಒಂದು ಸಲ ಸುಮ್ನೆ ಓದಿಸಿ, ಆಮೇಲೆ ಬಳಕೆಗೆ ಬಿಡುತ್ತೇನೆ.

ಮಂಡಿಯ ಕಂಪ್ಯೂಟರುಗಳು ಸರ್ವರನ್ನು ಹುಡುಕೋ ಐಪಿ ವಿಳಾಸದ್ದು ಸುಲಭವಾಗಿ ಮುಗಿಯಿತು. ಹಳೇ ಮೆಷಿನ್‌ನಿಂದ ಬಿಡಿಸಿ ಹೊಸದಕ್ಕೆ ಕೊಟ್ಟೆ. ಕಾಯ್ದಿರಿಸಿದ ಐಪಿ ಆಗಿದ್ದರಿಂದ ಬಚಾವ್, ಇಲ್ಲದಿದ್ದರೆ ಹನ್ನೊಂದು ಮಂಡಿಗೂ ಹೋಗಿ ಒಂದೊಂದು ಕಂಪ್ಯೂಟರ್ ತಿದ್ದಬೇಕಿತ್ತು.

ಆದರೆ ನನ್ನನ್ನು ಇವತ್ತಿಗೂ ಕೊರೆಯೋದು ಬೇರೆ. ಹಿಂದಿನ ದಿನದ ಮೆಷಿನ್ ಎದ್ದಿತು ಅಂದೆನಲ್ಲ, ಅದು ಎದ್ದ ಕೂಡಲೇ ತನ್ನ ಕೆಲಸ ಶುರುಮಾಡಿತ್ತು. ಪಟ್ಟಿಯ ಮೊತ್ತವನ್ನು ಮಾರನೇ ದಿನ ಬೆಳಗ್ಗೆ ರೈತರಿಗೆ ಎಸ್ಸೆಮ್ಮೆಸ್ ಕಳಿಸೋದು ನಮ್ಮ ಪದ್ಧತಿ. ಮೊನ್ನೆಯ ಪಟ್ಟಿಯ ಎಸ್ಸೆಮ್ಮೆಸ್ ನೆನ್ನೆ ಬೆಳಗ್ಗೆಯೇ ಹೋಗಿತ್ತು, ಆದರೆ ಆ ಮೆಷಿನ್ನಿನ ಲೆಕ್ಕದಲ್ಲಿ ಅದು ಇನ್ನೂ ಹೋಗೇ ಇಲ್ಲ. ನಾನು ಡಿಸ್ಕ್ ಸೇರಿಸುತ್ತಾ ಕೂತಿದ್ದಾಗ ಅದು ನೂರ ಇಪ್ಪತ್ತು ಜನಕ್ಕೆ ಮೊನ್ನೆಯ ಲೆಕ್ಕವನ್ನು ಮತ್ತೊಮ್ಮೆ ಕಳಿಸಿಬಿಟ್ಟಿತ್ತು.

ಹತ್ತು ಗಂಟೆಗೆ ಮಂಡಿಗೆ ಹೋದೆ. ವಯಸ್ಸಾದ ರೈತರೊಬ್ಬರು ಮೊಬೈಲ್ ಹಿಡಿದು ಗುಮಾಸ್ತರ ಮೇಜಿನ ಮುಂದೆ ನಿಂತಿದ್ದರು. ಪರದೆಯಲ್ಲಿ ಒಂದರ ಕೆಳಗೊಂದು ಎರಡು ಮೆಸೇಜು. "ಲೆಕ್ಕ ಏನಾದ್ರೂ ತಿದ್ದಿದ್ದೀರಾ ಸ್ವಾಮಿ? ಕೊಟ್ಟ ದುಡ್ಡು ವಾಪಸ್ ಕೇಳ್ತೀರಾ?" ಅಂದರು. ಬೈಯಲಿಲ್ಲ, ಜೋರೂ ಮಾಡಲಿಲ್ಲ. ದನಿಯಲ್ಲಿ ಹೆದರಿಕೆ ಇತ್ತು. ಗುಮಾಸ್ತರು ಕೆಂಪು ರಟ್ಟಿನ ಪುಸ್ತಕ ತೆಗೆದು, ಅವರ ಬಿಲ್ ನಂಬರ್ ಹುಡುಕಿ, ಸಾಲಿನ ಮೇಲೆ ಬೆರಳಿಟ್ಟು ಓದಿ ಹೇಳಿದ ಮೇಲೇ ಅವರು ಹೊರಟದ್ದು.

ಈಗ ಪ್ರತಿ ತಿಂಗಳ ಎರಡನೇ ಭಾನುವಾರ ರಿಸ್ಟೋರ್ ಮಾಡಿ ನೋಡುತ್ತೇವೆ. ಅದೂ ಬೇರೆ ನೆಟ್‌ವರ್ಕ್‌ನಲ್ಲಿ, ಹೊರಗೆ ಹೋಗೋ ದಾರಿಯೇ ಇಲ್ಲದ ಹಾಗೆ. ಎದ್ದ ಮೆಷಿನ್ ಏನು ಕಳಿಸಬೇಕು ಅಂದುಕೊಂಡರೂ ಅಲ್ಲೇ ಉಳಿಯಬೇಕು. ನಿಜವಾಗಿ ರಿಸ್ಟೋರ್ ಮಾಡೋ ದಿನಕ್ಕೂ ಅದೇ ನಿಯಮ, ಲೆಕ್ಕ ತಾಳೆಯಾದ ಮೇಲೇ ಬಾಗಿಲು ತೆಗೆಯೋದು. ಸ್ನ್ಯಾಪ್‌ಶಾಟ್‌ಗಳು ಏಳರ ಬದಲು ಮೂವತ್ತು ದಿನ ಇರುತ್ತವೆ. ಒಂದು ಪ್ರತಿ ಹೈದರಾಬಾದಿಗೂ ಹೋಗುತ್ತೆ, ಬೇರೆ ಅಕೌಂಟಿಗೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬೋರ್ಗ್‌ನಲ್ಲಿ ಒಂದು ಡೇಟಾ ಸೆಂಟರೇ ಸುಟ್ಟುಹೋದಾಗ ಬ್ಯಾಕಪ್ಪನ್ನೂ ಅದೇ ಜಾಗದಲ್ಲಿ ಇಟ್ಟಿದ್ದ ಕೆಲವರು ಎರಡನ್ನೂ ಕಳೆದುಕೊಂಡಿದ್ದರು. ಖರ್ಚು ಸ್ವಲ್ಪ ಜಾಸ್ತಿ. ಮಂಡಿಯವರಿಗೆ ವಿವರಿಸಿ ಹೇಳಿದೆ, ಒಪ್ಪಿದರು.

ಭಾನುವಾರ ಗುಮಾಸ್ತರು ಕೆಂಪು ಪುಸ್ತಕ ತಂದು ನನ್ನ ಪಕ್ಕ ಕೂರುತ್ತಾರೆ. ಪರೀಕ್ಷೆ ಮುಗಿಯಿತು ಅಂತ ಹೇಳೋರು ಅವರೇ. ಕಳೆದ ಸಲ ಶುರುವಿನಿಂದ ಬಿಲ್ ತೆರೆಯುವವರೆಗೆ 52 ನಿಮಿಷ ಹಿಡಿಯಿತು. ಕೊನೇ ಬಿಲ್ ನಂಬರ್ ಓದಿದೆ, ಅವರು ಪುಸ್ತಕದಲ್ಲಿ ನೋಡಿದರು. "ಸರಿ ಇದೆ. ಇನ್ನು ಹತ್ತು ಬಿಲ್ ಹಿಂದಕ್ಕೆ ಹೋಗು, ಮೊತ್ತ ಓದು" ಅಂದರು.