ಡ್ರ್ಯಾಗನ್ ಹಚ್ಚೆಗೆ ಏನರ್ಥ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಅಣ್ಣಾ, ಡ್ರ್ಯಾಗನ್ ಹಾಕಿಸಿಕೊಂಡರೆ ಏನರ್ಥ? ಒಳ್ಳೆಯದಾ, ಕೆಟ್ಟದ್ದಾ?" ಶಿವಮೊಗ್ಗದಲ್ಲಿ ಹಚ್ಚೆ ಹಾಕುವ ನನಗೆ ಇದಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇನ್ನೊಂದಿಲ್ಲ. ತೀರ್ಥಹಳ್ಳಿ, ಸಾಗರದ ಕಡೆಯಿಂದ ಬರುವ ಹುಡುಗರು ಮೊಬೈಲಿನಲ್ಲಿ ಒಂದು ಚಿತ್ರ ಇಟ್ಟುಕೊಂಡೇ ಬರುತ್ತಾರೆ. ನಾನು ಮೊದಲು ಆ ಚಿತ್ರ ನೋಡುತ್ತೇನೆ. ರೆಕ್ಕೆ ಇದೆಯಾ? ಬಾಯಿಂದ ಬೆಂಕಿ ಬರುತ್ತಿದೆಯಾ? ಮೈ ಸುತ್ತ ಮೋಡ, ಅಲೆ ಇವೆಯಾ? ಕಾಲಿನಲ್ಲಿ ಎಷ್ಟು ಉಗುರು? ಅರ್ಥ ಇರುವುದು ಅಲ್ಲಿ.

ಯುರೋಪಿನ ಡ್ರ್ಯಾಗನ್ ಬೆಂಕಿಯದ್ದು. ಬಾವಲಿಯಂಥ ರೆಕ್ಕೆ, ದಪ್ಪ ಹೊಟ್ಟೆ, ಚಿನ್ನದ ರಾಶಿಗೆ ಕಾವಲು. ಅಲ್ಲಿನ ಹಳೆಯ ಕಥೆಗಳಲ್ಲಿ ಅದನ್ನು ಕೊಂದವನೇ ವೀರ. ಸಂತ ಜಾರ್ಜ್ ಕುದುರೆ ಮೇಲೆ ಕೂತು ಈಟಿಯಿಂದ ಚುಚ್ಚುವ ಚಿತ್ರ ನೀವೂ ನೋಡಿರುತ್ತೀರಿ. ಹಾಗಂತ ಅಲ್ಲೆಲ್ಲ ಅದು ಕೆಟ್ಟದ್ದೇ ಅಂತಲ್ಲ. ವೇಲ್ಸ್ ದೇಶದ ಬಾವುಟದಲ್ಲಿ ಕೆಂಪು ಡ್ರ್ಯಾಗನ್ ಇದೆ, ಆ ಜನಕ್ಕೆ ಅದು ಹೆಮ್ಮೆ.

ಚೀನಾ, ಜಪಾನಿನ ಡ್ರ್ಯಾಗನ್ ನೀರಿನದ್ದು. ಉದ್ದ ಮೈ, ಮೀನಿನ ಹುರುಪೆ, ಜಿಂಕೆಯ ಕೊಂಬು. ಸಾಮಾನ್ಯವಾಗಿ ರೆಕ್ಕೆಯೇ ಇರುವುದಿಲ್ಲ, ಆದರೂ ಮೋಡದಲ್ಲಿ ಓಡಾಡುತ್ತದೆ. ಮಳೆ ತರುವುದು ಅದೇ, ನದಿ, ಸಮುದ್ರ ಕಾಯುವುದೂ ಅದೇ. ಚೀನಾದಲ್ಲಿ ಮಿಂಗ್, ಚಿಂಗ್ ರಾಜಮನೆತನಗಳ ಕಾಲದಲ್ಲಿ ಐದು ಉಗುರಿನ ಡ್ರ್ಯಾಗನ್ ಚಕ್ರವರ್ತಿಯ ಗುರುತು, ಕಂಡಕಂಡವರು ಬಳಸುವ ಹಾಗಿರಲಿಲ್ಲ. ಜಪಾನಿನವರು ಸಾಮಾನ್ಯವಾಗಿ ಮೂರೇ ಉಗುರು ಬರೆಯುತ್ತಾರೆ. ಭೂತಾನದ ಬಾವುಟದಲ್ಲಿರುವುದು ಗುಡುಗಿನ ಡ್ರ್ಯಾಗನ್. ಅದರ ಉಗುರುಗಳಲ್ಲಿರುವ ರತ್ನಗಳು ನಾಡಿನ ಸಮೃದ್ಧಿಯ ಗುರುತು.

ಡ್ರ್ಯಾಗನ್ನನ್ನು ಹಚ್ಚೆಯಾಗಿ ಇಷ್ಟು ದೊಡ್ಡದು ಮಾಡಿದವರು ಜಪಾನಿನವರು. 1827ರ ಸುಮಾರಿಗೆ ಉಟಗಾವಾ ಕುನಿಯೋಶಿ ಎಂಬ ಕಲಾವಿದ ಹಳೆಯ ಚೀನೀ ಕಥೆಯೊಂದರ ವೀರರನ್ನು ಮೈತುಂಬ ಹಚ್ಚೆಯ ಜೊತೆ ಚಿತ್ರಿಸತೊಡಗಿದ. ಅವರಲ್ಲಿ ಒಬ್ಬನ ಮೈಮೇಲೆ ಒಂಬತ್ತು ಡ್ರ್ಯಾಗನ್! ಆ ಚಿತ್ರಗಳು ಮನೆಮಾತಾದವು. ಮರದ ಮನೆಗಳೇ ತುಂಬಿದ್ದ ಎಡೋದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ಬೆಂಕಿ ಆರಿಸುವ ಆಳುಗಳು ಬೆನ್ನ ಮೇಲೆ ಡ್ರ್ಯಾಗನ್ ಹಾಕಿಸಿಕೊಳ್ಳುತ್ತಿದ್ದರು. ನೀರಿನ ಒಡೆಯ ಬೆನ್ನಿಗಿದ್ದಾನೆ ಎಂಬ ಧೈರ್ಯದಲ್ಲಿ ಉರಿಯುವ ಮನೆಗೆ ನುಗ್ಗುವುದು. ಡ್ರ್ಯಾಗನ್ ಹಚ್ಚೆಗೆ ಇದಕ್ಕಿಂತ ದೊಡ್ಡ ಅರ್ಥ ನನಗೆ ಬೇರೆಲ್ಲೂ ಸಿಕ್ಕಿಲ್ಲ.

1872ರಲ್ಲಿ ಅಲ್ಲಿನ ಸರ್ಕಾರ ಹಚ್ಚೆಯನ್ನೇ ನಿಷೇಧಿಸಿತು. ಕಲಾವಿದರು ಕದ್ದುಮುಚ್ಚಿ ಕೆಲಸ ಮಾಡಿದರು. 1881ರಲ್ಲಿ ಹಡಗಿನಲ್ಲಿ ಜಪಾನಿಗೆ ಹೋದ ಇಂಗ್ಲೆಂಡಿನ ರಾಜಕುಮಾರ, ಮುಂದೆ ಐದನೇ ಜಾರ್ಜ್ ಆದವನು, ತೋಳಿಗೆ ಡ್ರ್ಯಾಗನ್ ಹಾಕಿಸಿಕೊಂಡೇ ಬಂದ. ನಿಷೇಧ ತೆಗೆದದ್ದು 1948ರಲ್ಲಿ. ಅಷ್ಟರಲ್ಲಿ ಹಚ್ಚೆ ಅಂದರೆ ಯಾಕುಜಾ ರೌಡಿಗಳು ಎಂಬ ಮಾತು ಅಲ್ಲಿ ಬೇರೂರಿತ್ತು. ಈಗಲೂ ಅಲ್ಲಿನ ಎಷ್ಟೋ ಬಿಸಿನೀರಿನ ಸ್ನಾನದ ಮನೆಗಳಲ್ಲಿ ಹಚ್ಚೆ ಇದ್ದವರನ್ನು ಒಳಗೆ ಬಿಡುವುದಿಲ್ಲ. ಕೆಲಸಕ್ಕೆ ಅಂತ ಜಪಾನಿಗೆ ಹೊರಟವರಿಗೆ ಇದನ್ನು ಮೊದಲೇ ಹೇಳುತ್ತೇನೆ.

ನಮ್ಮ ಮಲೆನಾಡಿನವರಿಗೆ ನೀರಿನ ಡ್ರ್ಯಾಗನ್ನೇ ಹತ್ತಿರದ್ದು ಅಂತ ನನ್ನ ನಂಬಿಕೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಮಳೆಯೇ ಅನ್ನ, ಮಳೆಯೇ ಭಯ ಆಗಿರುವ ಜನ ನಾವು. ಚೀನಾದಲ್ಲಿ ಒಂದು ಕಥೆ ಇದೆ: ಹಳದಿ ನದಿಯ ಜಲಪಾತವನ್ನು ಎದುರೀಜಿ ಹತ್ತಿದ ಮೀನು ಡ್ರ್ಯಾಗನ್ ಆಗುತ್ತದೆ. ಮೊದಲ ಮಳೆಗೆ ಹಳ್ಳದಿಂದ ಗದ್ದೆಗೆ ಮೀನು ಹತ್ತುವುದನ್ನು ಕಂಡು ಬೆಳೆದವರಿಗೆ ಈ ಕಥೆ ಬಿಡಿಸಿ ಹೇಳಬೇಕಾ? ಪರೀಕ್ಷೆ, ಸಾಲ, ಕಾಯಿಲೆ ದಾಟಿ ಬಂದವರು ಗುರುತಿಗೆ ಏನಾದರೂ ಬೇಕು ಅಂದರೆ ನಾನು ಇದನ್ನೇ ತೋರಿಸುತ್ತೇನೆ.

ರೆಕ್ಕೆಯೇ ಬೇಕು ಅನ್ನುವವರಿಗೆ ನಮ್ಮ ಅಡಿಕೆ ತೋಟದ ಹಾರುವ ಓತಿ ನೋಡಿ ಅನ್ನುತ್ತೇನೆ. ಪಕ್ಕೆಲುಬು ಚಾಚಿ, ಚರ್ಮ ಅಗಲಿಸಿ ಮರದಿಂದ ಮರಕ್ಕೆ ತೇಲುತ್ತದೆ. ಎಷ್ಟು ಚಂದ! ಇನ್ನು ಬರೀ ಶಕ್ತಿಯ ಗುರುತು ಸಾಕು ಅಂದರೆ ಬಳ್ಳಿಗಾವಿಯ ಕಂಬದಲ್ಲಿ, ಕೆಳದಿ ರಾಮೇಶ್ವರ ಗುಡಿಯ ಚಾವಣಿಯಲ್ಲಿ ಗಂಡಭೇರುಂಡ ಇದೆಯಲ್ಲ. ಹೋಗಿ ನೋಡಿ ಬನ್ನಿ, ಆಮೇಲೆ ಡಿಸೈನ್ ಮಾತಾಡೋಣ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿ. ಬೆಂಕಿ ಉಗುಳುವ ರೆಕ್ಕೆಯ ಡ್ರ್ಯಾಗನ್ನಿಗೆ ಜಪಾನಿನ ಅಲೆ, ಐದು ಉಗುರು ಎಲ್ಲ ಸುಮ್ನೆ ಸೇರಿಸಿ ಹಾಕುವುದಿಲ್ಲ. ಎರಡು ನಾಡಿನ ಜನ ನೂರಾರು ವರ್ಷ ಕಟ್ಟಿದ್ದನ್ನು ಕಲಸಿಬಿಟ್ಟರೆ ಯಾವ ಅರ್ಥವೂ ಉಳಿಯುವುದಿಲ್ಲ ಅಲ್ವಾ?

ಕೆಲವು ಅಮ್ಮಂದಿರು ಮಕ್ಕಳ ಜೊತೆ ಬಂದು ಕೇಳುತ್ತಾರೆ: "ಇದು ನಾಗನ ತರಾನೇ ಇದೆಯಲ್ಲ ಮಾರಾಯ, ದೋಷ ಏನೂ ಆಗಲ್ವಾ?" ಈ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಬೌದ್ಧ ಧರ್ಮ ಚೀನಾಕ್ಕೆ ಹೋದಾಗ ನಮ್ಮ ನಾಗರಾಜರ ಕಥೆಗಳೂ ಜೊತೆಗೆ ಹೋಗಿ, ಅಲ್ಲಿನ ಡ್ರ್ಯಾಗನ್ ರಾಜರ ಕಥೆಗಳಲ್ಲಿ ಬೆರೆತವು. ಹಾಗಾಗಿ ಆ ಅಮ್ಮನ ಕಣ್ಣಿಗೆ ನಾಗ ಕಂಡದ್ದು ಸರಿಯೇ. ಡ್ರ್ಯಾಗನ್ನಿಂದ ದೋಷ ಬರುತ್ತದೆ ಅಂತ ನಾನು ನಂಬುವುದಿಲ್ಲ. ಆದರೆ ನಾಗಬನಕ್ಕೆ ನಡೆದುಕೊಳ್ಳುವ ಮನೆಯವರಾದರೆ ಪಾದಕ್ಕೆ, ಮೀನಖಂಡಕ್ಕೆ ಡ್ರ್ಯಾಗನ್ ಬೇಡ ಅನ್ನುತ್ತೇನೆ. ತೋಳಿಗೋ ಬೆನ್ನಿಗೋ ಹಾಕಿಸಿಕೊಳ್ಳಿ. ಮೊದಲು ಮನೆಯಲ್ಲಿ ಹಿರಿಯರನ್ನು ಒಂದು ಮಾತು ಕೇಳಿಕೊಂಡು ಬನ್ನಿ, ನಾನು ಕಾಯುತ್ತೇನೆ.