ಒಂದು ವಾರದ ಗಾರೆ ಕೆಲಸ

ಚರ್ಚ್‌ನಿಂದ 14 ಜನ ಒಂದು ವಾರದ ಮಟ್ಟಿಗೆ ಮನೆ ಕಟ್ಟಲು ಹೋಗಿದ್ದೆವು. ಒಬ್ಬರಿಗೂ ಕರಣೆ ಹಿಡಿದು ಗೊತ್ತಿರಲಿಲ್ಲ, ಹುಮ್ಮಸ್ಸು ಮಾತ್ರ ಜಾಸ್ತಿ.

ಮೊದಲ ದಿನ ನಾನು ನಾಲ್ಕು ವರಸೆ ಇಟ್ಟಿಗೆ ಕೂರಿಸಿದೆ. ಮೇಸ್ತ್ರಿ ಬಂದು ಗೋಡೆ ನೆಟ್ಟಗಿದೆಯಾ ಅಂತ ನೋಡಲು ದಾರಕ್ಕೆ ಕಟ್ಟಿದ ತೂಗುಗುಂಡು ಬಿಟ್ಟರು. ದಾರಕ್ಕೂ ಗೋಡೆಗೂ ಒಂದು ಬೆರಳು ಸಂದು! ಅವರು ಏನೂ ಅನ್ನಲಿಲ್ಲ, ಗಾರೆ ಹಸಿಯಿದ್ದಾಗಲೇ ಇಟ್ಟಿಗೆಗಳನ್ನು ಒಂದೊಂದಾಗಿ ಬಿಡಿಸಿ, ಕೆರೆದು, ಮತ್ತೆ ನನ್ನ ಕೈಗೇ ಕೊಟ್ಟರು. ಮರುದಿನದಿಂದ ನನ್ನದು ಮರಳು ಜರಡಿ ಹಿಡಿಯುವ ಕೆಲಸ. ನನಗೆ ಅದೇ ಸರಿ ಬಿಡಿ.

ನಮ್ಮೆಲ್ಲರ ಪ್ರಯಾಣದ ದುಡ್ಡನ್ನು ಅಲ್ಲಿನ ಮೇಸ್ತ್ರಿಗಳಿಗೇ ಕೂಲಿಯಾಗಿ ಕೊಟ್ಟಿದ್ದರೆ ಕೆಲಸ ಬೇಗ ಆಗುತ್ತಿತ್ತು, ಅಲ್ವಾ? ಅಮೆರಿಕದಲ್ಲಿ 1976ರಲ್ಲಿ ಶುರುವಾದ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ ಅನ್ನೋ ಮನೆ ಕಟ್ಟಿಕೊಡುವ ಸಂಸ್ಥೆಯವರ ಪದ್ಧತಿ ನನಗೆ ಇಷ್ಟ. ಅಲ್ಲಿ ಮನೆ ಪಡೆಯುವವರೂ ಕೆಲಸಕ್ಕೆ ಕೈ ಹಾಕುತ್ತಾರೆ, ಸುಮ್ನೆ ನಿಂತು ದಾನ ತಗೊಂಡ ಹಾಗೆ ಅನ್ನಿಸುವುದಿಲ್ಲ.

ಸಿಮೆಂಟ್ ಗೋಡೆಗೆ ಕಡಿಮೆ ಅಂದರೂ 7 ದಿನ ನೀರು ಹಾಕಬೇಕು. ನಾವು ಫೋಟೋ ತೆಗೆಸಿಕೊಂಡು ಬಸ್ ಹತ್ತಿದ್ದು ಗೋಡೆ ಎದ್ದ ಮೂರನೇ ದಿನಕ್ಕೆ. ಕಿಟಕಿಯಿಂದ ನೋಡಿದರೆ ಆ ಮನೆಯ ಅಜ್ಜಿ ಬಕೆಟ್ ಇಟ್ಟುಕೊಂಡು ಗೋಡೆಗೆ ನೀರು ಎರಚುತ್ತಿದ್ದರು.